ನಾಲ್ಕು ಜಮೀನಿಗೆ ಒಂದು ಮನೆ

ನಾರ್ವೆ ಮೂಲದ ನನ್ನ ಅಜ್ಜಿ ಬ್ರಿಟಾ ತನ್ನ ಮೂರು ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಡಕೋಟಾಕ್ಕೆ ಬಂದದ್ದು 1882ರ ವಸಂತದಲ್ಲಿ. ಮಕ್ಕಳೆಂದರೆ ಕೈಗೂಸುಗಳಲ್ಲ. ದೊಡ್ಡಮ್ಮ ಓಲಿನಾಳಿಗೆ ಇಪ್ಪತ್ತಾರು, ಹಾಲ್ವರ್ ಮಾವನಿಗೆ ಇಪ್ಪತ್ತಮೂರು. ಕೊನೆಯವಳಾದ ನನ್ನ ಅಮ್ಮ ಸೆಲ್ಮಾಳಿಗೆ ಇಪ್ಪತ್ತೊಂದು ತುಂಬಲು ಇನ್ನು ಹನ್ನೊಂದು ದಿನ ಬಾಕಿ ಇತ್ತು. ಆ ಹನ್ನೊಂದು ದಿನವೇ ದೊಡ್ಡ ತಲೆನೋವು. ಗಂಡಸಾಗಲಿ, ಮದುವೆಯಾಗದ ಹೆಂಗಸಾಗಲಿ, ಇಪ್ಪತ್ತೊಂದು ತುಂಬಿದ್ದರೆ ಸರ್ಕಾರ ನೂರ ಅರವತ್ತು ಎಕರೆ ಬರೆದುಕೊಳ್ಳಲು ಬಿಡುತ್ತಿತ್ತು. ಅಜ್ಜಿಯಂಥ ವಿಧವೆಗೂ ಒಂದು ಪಾಲಿತ್ತು. ಅದರ ಮೇಲೆ ಮನೆ ಕಟ್ಟಿ, ಉತ್ತು ಬಿತ್ತಿ, ಐದು ವರ್ಷ ಅಲ್ಲೇ ಬಾಳಿ ತೋರಿಸಿದರೆ ಜಮೀನು ನಮ್ಮದು. ಇಲ್ಲದಿದ್ದರೆ ಇಲ್ಲ.

ನಾಲ್ವರು ಸೇರಿ ಒಂದಕ್ಕೊಂದು ಅಂಟಿದ ನಾಲ್ಕು ತುಂಡು ನೋಡಿಟ್ಟರು. ಅವುಗಳಲ್ಲಿ ವಾಯವ್ಯದ ತುಂಡಿನಲ್ಲಿ ಮಾತ್ರ ಒಂದು ಚಿಲುಮೆ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಸಿಹಿನೀರು. ಅಜ್ಜಿ ಅದನ್ನು ನನ್ನ ಅಮ್ಮನ ಹೆಸರಿಗೆಂದು ಇಟ್ಟಳು.

"ಅದನ್ನ ನಾನು ಇವತ್ತೇ ಬರೆಸ್ಕೊಂಡುಬಿಡ್ತೀನಲ್ಲಮ್ಮ, ಹನ್ನೊಂದು ದಿನ ಯಾಕೆ ಕಾಯ್ಬೇಕು?" ಎಂದಳಂತೆ ದೊಡ್ಡಮ್ಮ.

"ನೀನು ನೀರಿರೋ ಜಮೀನು ಬರೆಸ್ಕೊಂಡ್ರೆ ಇವಳು ದಿನಾ ನಿನ್ನ ಕಾಲು ಹಿಡೀಬೇಕಾಗುತ್ತೆ. ಅವಳು ಬರೆಸ್ಕೊಂಡ್ರೆ ನಿನಗೇನೂ ಅನ್ನಲ್ಲ. ನಿಮ್ಮಿಬ್ಬರನ್ನೂ ಹೆತ್ತೋಳು ನಾನು."

ಹೀಗಾಗಿ ನೋಂದಣಿ ಕಚೇರಿಯಿದ್ದ ಊರಿನ ಹೊರಗೆ ಬಂಡಿಯಲ್ಲೇ ಹನ್ನೊಂದು ದಿನ ಬಿಡಾರ ಹೂಡಿದರು. ಹುಟ್ಟುಹಬ್ಬದ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಹಿಂದೆಯೇ ಒಹಾಯೋ ಕಡೆಯ ಒಬ್ಬ ಉದ್ದನೆಯ ಮನುಷ್ಯ ಬಂದು ನಿಂತ. ಲೆಮ್ಯುಯೆಲ್ ಪೆಟಿಬೋನ್ ಎಂದು ಹೆಸರು. ಅವನ ಕಣ್ಣೂ ಅದೇ ಚಿಲುಮೆಯ ಮೇಲೆ. ಅಮ್ಮ ಒಳಗೆ ಹೋಗಿ ಸಹಿ ಹಾಕಿ ಬಂದಾಗ ಅವನಿಗೆ ಉಳಿದದ್ದು ಪಕ್ಕದ ಒಣ ತುಂಡು.

"ಹುಟ್ಟುಹಬ್ಬದ ಶುಭಾಶಯ, ಮಿಸ್," ಎಂದನಂತೆ, ಒಳಗೆ ಅವಳು ವಯಸ್ಸು ಹೇಳಿದ್ದನ್ನು ಕೇಳಿಸಿಕೊಂಡವನು, ಹಲ್ಲು ಕಚ್ಚಿಕೊಂಡು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಅಮ್ಮನೊಬ್ಬಳಿಗೇ. ಅವಳು ಅದನ್ನು ಶುಭಾಶಯವೆಂದೇ ತೆಗೆದುಕೊಂಡಳು.

ಕಾನೂನಿನ ಪ್ರಕಾರ ನಾಲ್ವರೂ ಅವರವರ ಜಮೀನಿನಲ್ಲೇ ವಾಸ ಮಾಡಬೇಕು. ಅಂದರೆ ನಾಲ್ಕು ಮನೆ, ನಾಲ್ಕು ಒಲೆ. ಮರವೇ ಇಲ್ಲದ ಬಯಲು ಅದು, ಹಲಗೆ ಬೇಕೆಂದರೆ ಮೂವತ್ತು ಮೈಲಿಯಾಚೆಯ ರೈಲು ನಿಲ್ದಾಣದಿಂದ ಹೊತ್ತು ತರಬೇಕು. ಅಜ್ಜಿ ಒಂದು ಸಂಜೆ ಕಾಫಿ ಕುಡಿಯುತ್ತ ತೀರ್ಮಾನಿಸಿಬಿಟ್ಟಳು.

"ನಾಲ್ಕು ಜಮೀನೂ ಒಂದು ಮೂಲೇಲಿ ಸೇರ್ತವಲ್ಲ, ಅಲ್ಲೇ ಒಂದು ಮನೆ ಕಟ್ಟೋಣ. ಯಾರ್ಯಾರ ಮಂಚ ಅವರವರ ಜಮೀನಿನ ಮೇಲೆ. ಒಲೆ ಮಧ್ಯದಲ್ಲಿ."

"ಒಲೆ ಯಾರ ಜಮೀನಿಗೆ ಬರುತ್ತಮ್ಮ?" ಎಂದು ಹಾಲ್ವರ್ ಮಾವ ಕೇಳಿದ.

"ಅಡುಗೆ ಮಾಡೋರ ಜಮೀನಿಗೆ."

ಸರ್ವೆಯವರು ಮೂಲೆ ಗುರುತಿಗೆ ಒಂದು ಗೂಟ ನೆಟ್ಟು, ಸುತ್ತ ನಾಲ್ಕು ಗುಂಡಿ ತೋಡಿ ಹೋಗಿದ್ದರು. ಆದರೆ ಹಿಂದಿನ ಶರತ್ಕಾಲದಲ್ಲಿ ಬಯಲಿಗೆ ಬೆಂಕಿ ಬಿದ್ದು ಗೂಟ ಸುಟ್ಟುಹೋಗಿತ್ತು. ಮಾವ ಎರಡು ದಿನ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಿ ನಾಲ್ಕು ಗುಂಡಿ ಕಂಡುಹಿಡಿದ. ಅವುಗಳ ನಡುವೆ ಹೊಸ ಗೂಟ ನೆಟ್ಟ. ಅದರ ಮೇಲೆಯೇ ಮನೆ ಎದ್ದಿತು. ಇಪ್ಪತ್ತನಾಲ್ಕು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಹೊರಗೆ ಡಾಂಬರು ಕಾಗದ, ಒಳಗೆ ಹಲಗೆ. ಈಶಾನ್ಯ ಮೂಲೆ ಅಜ್ಜಿಯದು, ವಾಯವ್ಯ ಅಮ್ಮನದು, ಆಗ್ನೇಯ ದೊಡ್ಡಮ್ಮನದು, ನೈಋತ್ಯ ಮಾವನದು. ದೊಡ್ಡಮ್ಮ ಗಡಿ ಗುರುತಿಗೆಂದು ನೆಲದ ಹಲಗೆಯ ಮೇಲೆ ಕೆಂಪು ಉಣ್ಣೆದಾರ ಎಳೆದು ಮೊಳೆ ಹೊಡೆದಳು.

ಆ ದಾರದಿಂದ ಶುರುವಾದ ಜಗಳಗಳನ್ನು ನನ್ನ ಅಮ್ಮ ಒಂದು ರೀತಿ ಹೇಳುತ್ತಿದ್ದಳು, ದೊಡ್ಡಮ್ಮ ಇನ್ನೊಂದು ರೀತಿ.

"ಏ ಸೆಲ್ಮಾ, ನಿನ್ನ ಬೂಟು ಅಮ್ಮನ ಜಮೀನಲ್ಲಿದೆ."

"ಇರಲಿ ಬಿಡೇ, ಮೇಯ್ತಾ ಇದೆ."

"ನಿನ್ನ ಗೊರಕೆ ನನ್ನ ಜಮೀನಿಗೂ ಬರುತ್ತೆ. ಅದಕ್ಕೊಂದು ಬೇಲಿ ಹಾಕ್ಸು."

"ನಿನಗೆ ಗಂಡ ಸಿಕ್ಕಿದ್ರೆ ಅವನ ಗೊರಕೆ ಕೇಳ್ತಿದ್ದೆ. ಸಿಗ್ಲಿಲ್ಲ, ನಂದು ಕೇಳು."

ಮಾವ ಮಾತಾಡುವವನೇ ಅಲ್ಲ. ಇಬ್ಬರ ಮಧ್ಯೆ ಪೊರಕೆ ಹಿಡಿದು, ಕಸವನ್ನು ಎಲ್ಲರ ಗಡಿ ದಾಟಿಸಿ ತನ್ನ ಮೂಲೆಗೆ ತಂದು, ಕಿಟಕಿಯಿಂದ ಹೊರಗೆ ಹಾಕುತ್ತಿದ್ದ. ಅಜ್ಜಿಯದು ಒಂದೇ ಕಟ್ಟಳೆ: ಜಗಳ ಅವರವರ ಜಮೀನಲ್ಲಿ, ಊಟ ನನ್ನ ಜಮೀನಲ್ಲಿ.

ಮೊದಲ ಎರಡು ಚಳಿಗಾಲ ಒಣಹುಲ್ಲನ್ನು ಹುರಿಮಾಡಿ ಒಲೆಗೆ ತುಂಬಿ ಕಳೆದರು. ಬೆರಣಿಯನ್ನೂ ಉರಿಸಿದರು. ಸೌದೆ ಕಂಡದ್ದು ಹಬ್ಬಕ್ಕೆ ಮಾತ್ರ. ಮೂರನೆಯ ವರ್ಷ ಗೋಧಿ ಚೆನ್ನಾಗಿ ಬಂತು. ಆ ಸೆಪ್ಟೆಂಬರಿನಲ್ಲಿ ಅಜ್ಜಿ ಒಳಗೋಡೆಗೆಲ್ಲ ಸುಣ್ಣ ಬಳಿದಳು. ಬಳಿಯುತ್ತ ಹಾಡಿದಳು. ಅಜ್ಜ ತೀರಿಕೊಂಡ ಮೇಲೆ ಅವಳು ಹಾಡಿದ್ದನ್ನು ಮಕ್ಕಳು ಕೇಳಿದ್ದು ಅದೇ ಮೊದಲು. ಮೂವರೂ ಅವರವರ ಮೂಲೆಯಲ್ಲಿ ಏನೋ ಕೆಲಸವಿದ್ದವರಂತೆ ನಟಿಸುತ್ತ ಸುಮ್ಮನೆ ಕೇಳಿದರಂತೆ.

ಮರುವರ್ಷ, ಎಂದರೆ 1885ರ ಏಪ್ರಿಲ್‌ನಲ್ಲಿ, ನೋಂದಣಿ ಕಚೇರಿಯಿಂದ ಒಂದು ಕಾಗದ ಬಂತು. ಅಮ್ಮ ಅದನ್ನು ಓದಿ ಹೇಳಿದಳು. ಪೆಟಿಬೋನ್ ತಕರಾರು ಹಾಕಿದ್ದಾನೆ. ಮೂಲೆಯ ಗೂಟ ತಪ್ಪು ಜಾಗದಲ್ಲಿದೆ, ಸೆಲ್ಮಾ ಒಂದು ದಿನವೂ ತನ್ನ ಜಮೀನಿನ ಮೇಲೆ ಮಲಗಿಲ್ಲ, ಆದ್ದರಿಂದ ಆ ಜಮೀನು ನನಗೆ ಬರಬೇಕು ಎಂಬುದು ಅವನ ವಾದ. ಮೇ ಕೊನೆಗೆ ವಿಚಾರಣೆ. ಅದಕ್ಕೆ ಮೊದಲು ಸರ್ವೆಯರ್ ಬಂದು ಅಳೆಯುತ್ತಾರೆ.

ಸರ್ವೆಯರ್ ಬಂದ. ಗಡ್ಡದ ಮುದುಕ, ಸರಪಣಿ ಎಳೆಯಲು ಮಾವನನ್ನೇ ಕರೆದ. ಅರ್ಧ ಮೈಲಿಯಾಚೆಯ ಕಲ್ಲಿನಿಂದ ಅಳೆಯುತ್ತ ಬಂದು, ಮನೆಯನ್ನು ಮುಟ್ಟುವ ಮೊದಲೇ ಟರ್ನಿಪ್ ಗಡ್ಡೆಯ ಪಾತಿಯಲ್ಲಿ ನಿಂತ. ಬೂಟಿನಿಂದ ಮಣ್ಣು ಕೆದಕಿದ. ಸುಟ್ಟು ಕರಿಯಾದ ಗೂಟದ ಮೋಟು ಕಾಣಿಸಿತು.

"ನಿಮ್ಮ ಮೂಲೆ ಇದು ತಾಯಿ," ಎಂದ. ಅವನು ಹೇಳುತ್ತ ಹೋದಂತೆ ಅಮ್ಮ ಅಜ್ಜಿಗೆ ತಿಳಿಸುತ್ತಿದ್ದಳು. "ನಿಮ್ಮ ಮನೆ ಹದಿನೇಳು ಅಡಿ ಪೂರ್ವಕ್ಕೆ, ಹದಿನಾಲ್ಕು ಅಡಿ ಉತ್ತರಕ್ಕೆ ಜಾರಿದೆ. ಪೂರಾ ಮನೆ ನಿಮ್ಮೊಬ್ಬರ ಜಮೀನಿನ ಮೇಲೇ ಇದೆ."

"ಹಾಗಾದ್ರೆ ನಮಗೆ ಸಿಕ್ಕಿದ ನಾಲ್ಕು ಗುಂಡಿ?" ಎಂದು ದೊಡ್ಡಮ್ಮ ಕೇಳಿದಳು.

"ಬ್ಯಾಜರ್ ಪ್ರಾಣಿ ತೋಡಿದ ಬಿಲ ಇರ್ಬೇಕಮ್ಮ. ಅದಕ್ಕೂ ಕೈ ಚೆನ್ನಾಗಿದೆ, ಪಾಪ."

ಯಾರೂ ನಗಲಿಲ್ಲ. ಹಾಲ್ವರ್ ಮಾವನ ಕಿವಿ ಕೆಂಪಗಾಗಿತ್ತು. ಅಜ್ಜಿಗೆ ಮಗನ ಕಿವಿಯನ್ನು ಓದಲು ಬರುತ್ತಿತ್ತು. ಸರ್ವೆಯರ್ ಕುದುರೆ ಹತ್ತಿ ಹೋದ ಮೇಲೆ ಕೇಳಿದಳು.

"ನಿನಗೆ ಗೊತ್ತಿತ್ತೇನೋ?"

"ಹೂಂ."

"ಯಾವಾಗಿಂದ?"

"ಹೋದ ಅಕ್ಟೋಬರ್. ಗಡ್ಡೆ ಕೀಳೋವಾಗ ಸಲಿಕೆಗೆ ಸಿಕ್ತು. ಮಣ್ಣು ಮುಚ್ಚಿಬಿಟ್ಟೆ."

"ಯಾಕೋ ಹೇಳ್ಲಿಲ್ಲ?"

ಮಾವ ಟೋಪಿ ತೆಗೆದು ಅದರೊಳಗೆ ಏನೋ ಬರೆದಿದೆ ಎಂಬಂತೆ ನೋಡಿದ. "ನೀನು ಆಗತಾನೇ ಸುಣ್ಣ ಬಳಿದಿದ್ದೆ. ಹಾಡ್ತಿದ್ದೆ."

ಅಜ್ಜಿ ಅವನನ್ನು ಬೈಯಲೆಂದು ಬಾಯಿ ತೆರೆದಳು. ಕೊನೆಗೆ, "ನನ್ನ ಹಾಡು ಅಷ್ಟು ಚೆನ್ನಾಗೇನೂ ಇಲ್ಲ ಕಣೋ," ಎಂದು ಲಂಗದಂಚಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ದೊಡ್ಡಮ್ಮ ಹಿಂದೆಯೇ ಪಿಸುಗುಟ್ಟಿದಳು, "ಇದು ನಮ್ಮ ನಾಲ್ಕು ಜನಕ್ಕೆ ಮಾತ್ರ ಗೊತ್ತು. ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಆಯ್ತು. ಕೇಳಿದ್ಯೇನೋ, ಮೂಗ?"

ಮಾವ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ.

ಒಳಗಿನಿಂದ ಅಜ್ಜಿಯ ದನಿ ಬಂತು. "ಮೂಲೆ ಅಲ್ಲಿದ್ರೆ ಮನೇನ ಅಲ್ಲಿಗೆ ತಗೊಂಡು ಹೋಗೋಣ. ಹಲಗೆ ಮನೆ ತಾನೇ, ಬೇರು ಬಿಟ್ಟಿದೆಯಾ?"

ಮುಂದಿನ ಶನಿವಾರ ಅಕ್ಕಪಕ್ಕದ ಹತ್ತೊಂಬತ್ತು ಗಂಡಸರು, ಎಂಟು ಜೋಡಿ ಎತ್ತುಗಳೊಡನೆ ಬಂದರು. ಎಲ್ಲರೂ ನಮ್ಮ ನಾರ್ವೆಯವರೇ. ನದಿಯ ದಂಡೆಯಿಂದ ತಂದ ದಿಮ್ಮಿಗಳನ್ನು ಸನ್ನೆಗೋಲಿನಿಂದ ಮನೆಯ ಅಡಿಗೆ ತೂರಿಸಿದರು. ಎಲ್ಲ ಸಿದ್ಧವಾದರೂ ಅಜ್ಜಿ ಮಾತ್ರ ಹೊರಗೆ ಬರಲಿಲ್ಲ. ಹತ್ತೊಂಬತ್ತು ಜನಕ್ಕೆ ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಆಗಬೇಕಿತ್ತು, ಕಾವಲಿ ಕಾದಿತ್ತು. ಕೊಳವೆಯಿಂದ ಹೊಗೆ ಏಳುತ್ತಿತ್ತು.

ಎತ್ತುಗಳ ಯಜಮಾನಿಕೆ ವಹಿಸಿದ್ದ ಕ್ನೂಟ್ ಎಂಬ ಮುದುಕ ಕಿಟಕಿಗೆ ಬಂದು ಕೂಗಿದ. "ಬ್ರಿಟಾ, ಒಲೆ ಆರಿಸಿ ಹೊರಗೆ ಬಾರಮ್ಮ! ಮನೆ ಹೊತ್ಕೊಂಡ್ರೆ?"

"ಒಲೆ ಆರಿಸಿದ್ರೆ ಏನು ತಿಂತೀಯ, ಎತ್ತಿನ ಹುಲ್ಲು ತಿಂತೀಯಾ? ಹೊಡಿ ನೀನು, ಮೆಲ್ಲಗೆ ಹೊಡಿ!"

ಮನೆ ಕಿರುಗುಟ್ಟಿತು, ನಡುಗಿತು, ಹೊರಟಿತು. ಅಜ್ಜಿ ಒಂದು ಕೈಯಲ್ಲಿ ಒಲೆಯ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ರೊಟ್ಟಿ ಮಗುಚುತ್ತ ತನ್ನ ಜಮೀನಿನ ಮೇಲೆ ಪಯಣ ಮಾಡಿದಳು. ಬೆಂದ ರೊಟ್ಟಿಯನ್ನು ಕಿಟಕಿಯಿಂದ ಚಾಚುತ್ತಿದ್ದಳು, ಪಕ್ಕದಲ್ಲಿ ನಡೆಯುತ್ತಿದ್ದ ಅಮ್ಮ ಮತ್ತು ದೊಡ್ಡಮ್ಮ ತಟ್ಟೆಗೆ ಹಿಡಿಯುತ್ತಿದ್ದರು. ಹದಿನಾಲ್ಕು ಅಡಿ ದಕ್ಷಿಣಕ್ಕೆ ಸಲೀಸಾಗಿ ಬಂತು. ಪಶ್ಚಿಮಕ್ಕೆ ತಿರುಗಿಸುವಾಗ ಒಂದು ದಿಮ್ಮಿ ಸೀಳಿತು. ಮನೆ ದೊಡ್ಡಮ್ಮನ ಮೂಲೆಯ ಕಡೆಗೆ ವಾಲಿ ಕೂತುಬಿಟ್ಟಿತು. ಸನ್ನೆಗೋಲು ಹಾಕಿದರು, ಹೆಗಲು ಕೊಟ್ಟರು. ಜಪ್ಪಯ್ಯ ಅನ್ನಲಿಲ್ಲ.

"ಜಾಕು ಬೇಕು," ಎಂದ ಕ್ನೂಟ್. "ತಿರುಪಿನ ಜಾಕು. ಈ ಸುತ್ತಿನಲ್ಲಿ ಅದಿರೋದು ಒಬ್ಬನ ಹತ್ರ ಮಾತ್ರ."

ಎಲ್ಲರ ಕತ್ತೂ ಗಡಿಯ ಕಡೆಗೆ ತಿರುಗಿತು. ಪೆಟಿಬೋನ್ ಬೆಳಗಿನಿಂದ ಕುದುರೆಯ ಮೇಲೆ ಕೂತು ನೋಡುತ್ತಿದ್ದ.

ಅಜ್ಜಿ ವಾಲಿದ ಬಾಗಿಲಿನಿಂದ ಇಳಿದು, ಸೆಲ್ಮಾಳ ಕೈ ಹಿಡಿದು ಅವನ ಬಳಿಗೆ ನೇರ ನಡೆದಳು. "ಇವನಿಗೆ ಹೇಳು, ಜಾಕು ಬೇಕು ಅಂತ."

ಅಮ್ಮ ಹೇಳಿದಳು. ಪೆಟಿಬೋನ್ ಕುದುರೆಯ ಮೇಲಿಂದಲೇ ಬಗ್ಗಿ, "ನಿಮ್ಮನ್ನ ಹೊರಗೆ ಹಾಕೋಕೆ ನೋಡ್ತಿರೋನು ನಾನು. ನಿಮ್ಮಮ್ಮನಿಗೆ ತಲೆ ನೆಟ್ಟಗಿದೆಯಾ?" ಎಂದ.

"ಏನಂತೆ?" ಎಂದಳು ಅಜ್ಜಿ.

"ನಿನ್ನ ಆರೋಗ್ಯ ವಿಚಾರಿಸ್ತಿದ್ದಾನೆ."

"ಚೆನ್ನಾಗಿದೆ ಅನ್ನು. ಅವನ ಮುಖ ನೋಡು, ಮೂರು ವರ್ಷದಿಂದ ಬರೀ ಹುರುಳಿ ತಿಂದ ಹಾಗಿದೆ. ಊಟಕ್ಕೆ ಕರಿ. ಜಗಳ ಕಚೇರೀಲಿ, ಊಟ ನನ್ನ ಜಮೀನಲ್ಲಿ."

ಅಮ್ಮ ಇದನ್ನು ಚಾಚೂ ತಪ್ಪದೆ ಹೇಳಿದಳು, ಹುರುಳಿಯನ್ನೂ ಬಿಡದೆ. ಪೆಟಿಬೋನ್‌ನ ಉದ್ದನೆಯ ಮುಖ ಕೆಂಪೇರಿತು. ಕುದುರೆ ತಿರುಗಿಸಿ ಹೊರಟುಹೋದ. ಹೋದನಲ್ಲ ಎಂದು ಎಲ್ಲರೂ ಅಂದುಕೊಂಡರು. ಅರ್ಧ ಗಂಟೆಯಲ್ಲಿ ಜೀನಿಗೆ ಜಾಕು ಕಟ್ಟಿಕೊಂಡು ವಾಪಸು ಬಂದ. ಯಾರ ಮುಖವನ್ನೂ ನೋಡದೆ ತಾನೇ ನೆಲಕ್ಕೆ ಮಲಗಿ, ಮೂಲೆಯಡಿ ಜಾಕಿಟ್ಟು ತಿರುಪು ತಿರುಗಿಸಿದ. ಮನೆ ಮೇಲೆದ್ದಿತು. ಸೂರ್ಯ ಇಳಿಯುವ ಹೊತ್ತಿಗೆ ಸುಟ್ಟ ಮೋಟು ಸರಿಯಾಗಿ ಒಲೆಯ ಅಡಿಗೆ ಬಂತು. ಅವನು ಹನ್ನೆರಡು ರೊಟ್ಟಿ ತಿಂದ. ಎಣಿಸಿದವಳು ದೊಡ್ಡಮ್ಮ. ತಿಂದ ಮೇಲೆ, "ತಕರಾರು ವಾಪಸು ತಗೊಳ್ಳಲ್ಲ," ಎಂದು ಹೇಳಿಯೇ ಹೋದ.

ವಿಚಾರಣೆಯ ದಿನ ನಾಲ್ವರೂ ಇಸ್ತ್ರಿ ಬಟ್ಟೆ ತೊಟ್ಟು ಬಂಡಿಯಲ್ಲಿ ಊರಿಗೆ ಹೋದರು. ಕಚೇರಿಯ ಅಧಿಕಾರಿ ಕನ್ನಡಕದ ಚಿಕ್ಕ ಮನುಷ್ಯ. ನಾರ್ವೆಯ ಭಾಷೆಗೆ ದುಭಾಷಿಯೊಬ್ಬನನ್ನು ಕೂರಿಸಿದ್ದರು. ಮೊದಲು ಅಜ್ಜಿ, ಆಮೇಲೆ ದೊಡ್ಡಮ್ಮ, ಆಮೇಲೆ ಅಮ್ಮ ಪ್ರಮಾಣ ಮಾಡಿ ಹೇಳಿದರು. ಗೂಟ ಸರಿಯಿದೆ ಎಂದೇ ನಂಬಿದ್ದೆವು, ಮೊನ್ನೆ ಸರ್ವೆಯರ್ ಹೇಳಿದ ಮೇಲೆ ಮನೆಯನ್ನೇ ಸರಿಸಿದೆವು. ಅಧಿಕಾರಿ ತಲೆಯಾಡಿಸುತ್ತ ಬರೆದುಕೊಂಡ.

"ನೀವೂ ಹಾಗೇ ನಂಬಿದ್ರಾ?" ಎಂದು ಮಾವನನ್ನು ಕೇಳಿದ.

ದೊಡ್ಡಮ್ಮ ಹಿಂದಿನಿಂದ ಅವನ ಕೋಟು ಜಗ್ಗಿದಳು. ಅಜ್ಜಿ ಕಿಟಕಿಯಾಚೆ ನೋಡುತ್ತಿದ್ದಳು. ಮುಂದಿನ ದಿನಗಳಲ್ಲಿ ಅವಳೇ ಹೇಳಿದ್ದುಂಟು, ಅವನು ಏನು ಹೇಳಲಿ ಎಂದು ಆಶಿಸಬೇಕೋ ತನಗೇ ತಿಳಿಯುತ್ತಿರಲಿಲ್ಲ, ಅದಕ್ಕೇ ನೋಡಲಿಲ್ಲ ಎಂದು.

"ಅಕ್ಟೋಬರ್‌ವರೆಗೆ ನಂಬಿದ್ದೆ ಸ್ವಾಮಿ," ಎಂದ ಮಾವ. "ಆಮೇಲೆ ಗೂಟ ನೋಡ್ದೆ. ಮುಚ್ಚಿದ್ದು ನಾನೇ. ಇವರು ಮೂವರಿಗೂ ಗೊತ್ತಿರ್ಲಿಲ್ಲ."

ದೊಡ್ಡಮ್ಮ ಕೋಟು ಬಿಟ್ಟಳು.

ಅಧಿಕಾರಿ ಲೇಖನಿ ಕೆಳಗಿಟ್ಟು ಪೆಟಿಬೋನ್‌ನ ಕಡೆ ತಿರುಗಿದ. "ಗೂಟ ತಪ್ಪಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಪೆಟಿಬೋನ್ ಪ್ರಮಾಣ ಮಾಡಿದ್ದ ಬೈಬಲ್ಲನ್ನು ಒಮ್ಮೆ, ಮಾವನನ್ನು ಒಮ್ಮೆ ನೋಡಿದ. "ಮೊದಲನೇ ಬೇಸಿಗೇಲಿ."

"ಅಂದ್ರೆ ಮೂರು ವರ್ಷದ ಹಿಂದೆ?"

"ಹೌದು."

"ಆ ಹುಡುಗಿ ನಲವತ್ತು ಎಕರೆ ಉತ್ತು, ಬೇಲಿ ಹಾಕೋವರೆಗೂ ಸುಮ್ಮನಿದ್ರಾ?"

ಪೆಟಿಬೋನ್ ತಲೆ ತಗ್ಗಿಸಿ ತನ್ನ ಟೋಪಿಯ ಅಂಚನ್ನು ತಿರುಗಿಸಿದ.

ತೀರ್ಪು ಆ ಮಧ್ಯಾಹ್ನವೇ ಬಂತು. ಮೂವರು ಹೆಂಗಸರೂ ತಿಳಿಯದೆ ಮಾಡಿದ್ದು, ತಿಳಿದ ಕೂಡಲೇ ಸರಿಪಡಿಸಿದರು, ಅವರ ಮೂರು ವರ್ಷ ಲೆಕ್ಕಕ್ಕಿದೆ, ತಕರಾರು ವಜಾ. ಹಾಲ್ವರ್ ತಿಳಿದೂ ಸುಮ್ಮನಿದ್ದ. ಜಮೀನು ಅವನ ಹೆಸರಲ್ಲೇ ಇರಲಿ, ಆದರೆ ಅವನ ಐದು ವರ್ಷ ಮನೆ ಸರಿಸಿದ ದಿನದಿಂದ ಹೊಸದಾಗಿ ಶುರು.

ಬಂಡಿಯಲ್ಲಿ ಮರಳುವಾಗ ದೊಡ್ಡಮ್ಮ ಆರು ಮೈಲಿ ಮುಖ ಊದಿಸಿಕೊಂಡು ಕೂತಿದ್ದಳು. ಏಳನೇ ಮೈಲಿಗೆ ಸಿಡಿದಳು. "ಮೂರು ವರ್ಷ ಕಣೋ! ಒಂದು ವಾಕ್ಯಕ್ಕೆ ಮೂರು ವರ್ಷ! ವರ್ಷಕ್ಕೆ ನಾಲ್ಕು ಮಾತಾಡೋನು ನೀನು, ಇವತ್ತೇ ಬಾಯಿ ಬಿಡ್ಬೇಕಿತ್ತಾ?"

"ಕೇಳಿದ್ರಲ್ಲ," ಎಂದ ಮಾವ.

ಅಜ್ಜಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಮಗನ ಮೊಣಕಾಲಿನ ಮೇಲೆ ಕೈಯಿಟ್ಟವಳು ಮನೆ ಬರುವ ತನಕ ತೆಗೆಯಲಿಲ್ಲ. ಅಮ್ಮನೂ ನಕ್ಕಳು, ಕೊನೆಗೆ ದೊಡ್ಡಮ್ಮನೂ.

ಮರುದಿನ ಬೆಳಿಗ್ಗೆ ಅಮ್ಮ ಬೇಲಿಯ ಬಳಿ ಪೆಟಿಬೋನ್‌ನನ್ನು ಕಂಡಳು. ಅವನು ಮೂರು ಮೈಲಿಯಾಚೆಯ ಕೊಳದಿಂದ ಪೀಪಾಯಿಯಲ್ಲಿ ನೀರು ತರುತ್ತಿದ್ದ.

"ನಿಮಗೆ ಬೇಕಾಗಿದ್ದು ನೀರು ತಾನೇ? ಕೇಳ್ಬಹುದಿತ್ತಲ್ಲ?"

"ಕೇಳೋದು ನನಗೆ ಬರಲ್ಲ, ಮಿಸ್."

"ನಮ್ಮ ಹಾಲ್ವರ್‌ಗೆ ಹೇಳೋದು ಬರ್ತಿರ್ಲಿಲ್ಲ, ನೆನ್ನೆ ಹೇಳಿದ. ಈ ಕಡೆ ಬೇಲಿ ಬಿಚ್ಚಿಡ್ತೀನಿ. ಬಕೆಟ್ ನಿಮ್ಮದೇ ತನ್ನಿ."

1887ರಲ್ಲಿ ಹೆಂಗಸರು ಮೂವರಿಗೂ ಜಮೀನಿನ ಕಾಗದ ಕೈಗೆ ಬಂತು. ಅದಾದ ಆರು ತಿಂಗಳಿಗೆ ದೊಡ್ಡಮ್ಮ ಕ್ನೂಟ್‌ನ ತಮ್ಮನ ಮಗನನ್ನು ಮದುವೆಯಾದಳು. ಅವನು ಗೊರಕೆ ಹೊಡೆಯುತ್ತಿದ್ದನೋ ಇಲ್ಲವೋ, ಅವಳು ಎಂದೂ ಬಾಯಿಬಿಡಲಿಲ್ಲ. ಮರುವರ್ಷ ನನ್ನ ಅಮ್ಮ ರೈಲು ನಿಲ್ದಾಣದ ಊರಿನ ಚಮ್ಮಾರನನ್ನು, ಎಂದರೆ ನನ್ನ ಅಪ್ಪನನ್ನು, ಕಟ್ಟಿಕೊಂಡು ಅವನನ್ನೇ ಚಿಲುಮೆಯ ಪಕ್ಕಕ್ಕೆ ಕರೆತಂದಳು. ಅಜ್ಜಿಯ ಮನೆಯಲ್ಲಿ ಅಜ್ಜಿ ಮತ್ತು ಹಾಲ್ವರ್ ಮಾವ ಉಳಿದರು. ಮಾವನಿಗೆ ಹೊಸ ಮನೆ ಕಟ್ಟಿಕೊಳ್ಳುವ ಆಸೆಯಿತ್ತು, ಊರಿನ ಶಾಲೆಯಲ್ಲಿ ಕಲಿಸುತ್ತಿದ್ದ ಆಗೋತ್ ಎಂಬ ಹುಡುಗಿಯೂ ಅವನಿಗಾಗಿ ಕಾದಿದ್ದಳು. ಆದರೆ ಅವನ ಐದು ವರ್ಷ ತುಂಬುವವರೆಗೆ ಎರಡನ್ನೂ ಮುಂದೂಡಿದ. ಮೂರು ವರ್ಷ ಅವನು ಆ ಹುಡುಗಿಯ ಜೊತೆ ಪ್ರತಿ ಭಾನುವಾರ ಚರ್ಚಿನಿಂದ ಮನೆಯವರೆಗೆ ನಡೆದ. ಮಾತಾಡಿದ್ದು ಅವಳೇ.

1890ರ ಮೇ ತಿಂಗಳಲ್ಲಿ ಅವನ ಸರದಿ ಬಂತು. ಕಾನೂನಿಗೆ ಮನೆಯವರಲ್ಲದ ಇಬ್ಬರು ಸಾಕ್ಷಿ ಬೇಕು. ಒಬ್ಬ ಕ್ನೂಟ್. ಇನ್ನೊಬ್ಬನನ್ನು ಯಾರೂ ಕರೆಯಲಿಲ್ಲ, ಅವನೇ ಬಂದ. ಕಚೇರಿಯ ಬಾಗಿಲಲ್ಲಿ ಪೆಟಿಬೋನ್ ಕಾಲರು ಸರಿಮಾಡಿಕೊಂಡು ನಿಂತಿದ್ದ. ಅದೇ ಕನ್ನಡಕದ ಅಧಿಕಾರಿ ಅವನನ್ನು ಗುರುತು ಹಿಡಿದ.

"ಇವರು ಐದು ವರ್ಷ ಈ ಜಮೀನಿನ ಮೇಲೇ ಇದ್ದರು ಅಂತ ನಿಮಗೆ ಹೇಗೆ ಗೊತ್ತು?"

"ನನ್ನಷ್ಟು ಹತ್ತಿರದಿಂದ ಯಾರೂ ನೋಡಿಲ್ಲ ಸ್ವಾಮಿ," ಎಂದ ಪೆಟಿಬೋನ್. "ಮೊದಲು ತಪ್ಪು ಸಿಗುತ್ತಾ ಅಂತ ನೋಡ್ತಿದ್ದೆ. ಆಮೇಲೆ ಭಾನುವಾರ ಊಟಕ್ಕೆ ಹೋಗ್ತಾ ನೋಡ್ದೆ."

ಆ ಬೇಸಿಗೆಯಲ್ಲಿ ಮಾವ ತನ್ನ ಜಮೀನಿನ ನಡುವೆ ಮನೆ ಕಟ್ಟಿ ಆಗೋತ್‌ಳನ್ನು ತಂದ. ನಾನು ಹುಟ್ಟಿದ್ದು ಅದರ ಮರುವರ್ಷ. ಮಕ್ಕಳೆಲ್ಲ ಹೊರಟ ಮೇಲೆ ಅಜ್ಜಿಗೆ ಒಂಟಿಯೆನಿಸಬಹುದೆಂದು ದೊಡ್ಡಮ್ಮ ಬಂದು ನೋಡಿದರೆ, ಅವಳು ಮಂಚವನ್ನು ಎಳೆದು ಬಿಸಿಲು ಬೀಳುವ ದಕ್ಷಿಣದ ಕಿಟಕಿಗೆ ಹಾಕಿಕೊಂಡು, ಕಾಲು ಚಾಚಿ ಕಾಫಿ ಕುಡಿಯುತ್ತಿದ್ದಳು.

"ಅಮ್ಮ, ಇದು ನನ್ನ ಜಮೀನು," ಎಂದಳು ದೊಡ್ಡಮ್ಮ.

"ಹೌದಾ? ಬೆಚ್ಚಗಿದೆ ಕಣೇ. ನಿನಗೂ ಒಂದು ಲೋಟ ಕೊಡ್ಲಾ?" ಎಂದಳು ಅಜ್ಜಿ.